ಅಪ್ಪ-ಅಮ್ಮನನ್ನು ಕ್ರೂಸ್‌ಗೆ ಕರೆದೊಯ್ಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಹಡಗಿಗೆ ಹೊಸಬ (ಉಡುಪಿ)

ಎಲ್ಲರಿಗೂ ನಮಸ್ಕಾರ. ಬರುವ ಚಳಿಗಾಲದಲ್ಲಿ ತಂದೆ-ತಾಯಿ, ಹೆಂಡತಿ ಹಾಗೂ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಮೂರು-ನಾಲ್ಕು ರಾತ್ರಿಯ ಪ್ರವಾಸ ಮಾಡಬೇಕೆಂದಿದ್ದೇನೆ. ತಂದೆಗೆ 71 ವರ್ಷ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ತಾಯಿಗೆ ಮೊಣಕಾಲು ನೋವು. ಈರುಳ್ಳಿ-ಬೆಳ್ಳುಳ್ಳಿ ಮುಟ್ಟುವುದಿಲ್ಲ, ಏಕಾದಶಿಯ ಉಪವಾಸವನ್ನು ಈವರೆಗೆ ತಪ್ಪಿಸಿದವರೂ ಅಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದದ್ದನ್ನು ಬಿಟ್ಟರೆ ನಮ್ಮ ಮನೆಯವರು ಯಾರೂ ಸಮುದ್ರದ ಮೇಲೆ ಪ್ರಯಾಣ ಮಾಡಿಲ್ಲ, ಆ ಸ್ವಲ್ಪ ಹೊತ್ತಿನಲ್ಲೂ ತಾಯಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು.

ಯಾವ ತಿಂಗಳು ಒಳ್ಳೆಯದು, ಗೋವಾ ಮುಟ್ಟಿ ಬರುವ ಹಡಗು ಸಾಕೇ ಅಥವಾ ಲಕ್ಷದ್ವೀಪಕ್ಕೆ ಹೋಗುವುದನ್ನೇ ಆರಿಸಿಕೊಳ್ಳಬೇಕೇ, ಕೋಣೆ ಎಂಥದ್ದಿರಬೇಕು, ಮುಂಬೈಗೆ ಎಷ್ಟು ಮೊದಲು ತಲುಪಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ಇನ್ನೊಂದು ಪ್ರಶ್ನೆ ತಂದೆಯವರದ್ದು: ಮಂಗಳೂರಿನ ಪಣಂಬೂರು ಬಂದರಿಗೇ ದೊಡ್ಡ ಹಡಗುಗಳು ಬರುತ್ತವೆಂದು ಪತ್ರಿಕೆಯಲ್ಲಿ ಚಿತ್ರಸಹಿತ ಓದುತ್ತಿರುವಾಗ ನಾವು ಮುಂಬೈಯವರೆಗೆ ಹೋಗುವುದೇಕೆ?

ಕೂಳೂರು ಸೇತುವೆ (ಮಂಗಳೂರು)

ನಿಮ್ಮ ತಂದೆಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಪಣಂಬೂರಿಗೆ ಬರುವ ಆ ಹಡಗುಗಳ ಪ್ರವಾಸಿಗಳನ್ನು ಊರು ಸುತ್ತಿಸುವುದು ನನ್ನ ಜೀವನೋಪಾಯ. ಅವು ಬೇರೆಲ್ಲೋ ಹೊರಟು ಬೇರೆಲ್ಲಿಗೋ ಹೋಗುವ ವಿದೇಶಿ ಹಡಗುಗಳು. ಬೆಳಗ್ಗೆ ಇಲ್ಲಿ ಕಟ್ಟಿ, ಹಗಲಿಡೀ ನಿಂತು, ಸಂಜೆಯ ಹೊತ್ತಿಗೆ ಮುಂದಕ್ಕೆ ಹೊರಡುತ್ತವೆ. ಇಲ್ಲಿ ಇಳಿಯುವವರು ತಿರುಗಿ ಹತ್ತುವವರೇ ಹೊರತು, ಇಲ್ಲಿಂದ ಹೊಸಬರು ಹತ್ತುವುದಿಲ್ಲ.

ಆದರೂ ಅವರಿಂದ ನೀವು ಕಲಿಯಬಹುದಾದದ್ದು ಒಂದಿದೆ. ಕಂಪೆನಿಯ ಬಸ್ಸಿನಲ್ಲಿ ಹೋದವರು ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ, ಕದ್ರಿ ದೇವಸ್ಥಾನ ನೋಡಿಕೊಂಡು ನಿಶ್ಚಿಂತೆಯಿಂದ ಮರಳುತ್ತಾರೆ. ತಾವೇ ಟ್ಯಾಕ್ಸಿ ಮಾಡಿಕೊಂಡು 1430ರ ಸಾವಿರ ಕಂಬದ ಬಸದಿಯನ್ನು ಮೂಡುಬಿದಿರೆಯಲ್ಲೂ 42 ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲೂ ನೋಡಲು ಹೊರಟವರು ಹೋಗುವಾಗ ಗಡಿಯಾರ ನೋಡುವುದಿಲ್ಲ, ಬರುವಾಗ ಬೇರೇನನ್ನೂ ನೋಡುವುದಿಲ್ಲ. ಒಮ್ಮೆ ನನ್ನ ಕಾರಿನಲ್ಲಿದ್ದ ವೃದ್ಧ ದಂಪತಿ ಪೇಟೆಯಿಂದ ಮರಳುವಾಗ ಕೂಳೂರು ಸೇತುವೆಯ ಈಚೆ ಟ್ಯಾಂಕರ್‌ಗಳ ಸಾಲಿನಲ್ಲಿ ಸಿಕ್ಕಿಬಿದ್ದು, ಹಡಗಿನ ಹೊಗೆಕೊಳವೆ ಕಂಡೀತೇ ಎಂದು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಲೇ ಇದ್ದರು. ಏಣಿ ತೆಗೆಯಲು ಹತ್ತು ನಿಮಿಷವಿರುವಾಗ ತಲುಪಿದೆವು.

ನಿಮಗೆ ಕೊಟ್ಟ ಚೀಟಿಯಲ್ಲಿ ‘ಎಲ್ಲರೂ ಹಡಗಿನಲ್ಲಿರಬೇಕಾದ ಸಮಯ’ ಎಂದು ಇರುತ್ತದೆ. ಅದು ಹಡಗು ಹೊರಡುವ ಸಮಯವಲ್ಲ, ಅದಕ್ಕಿಂತ ಅರ್ಧದಿಂದ ಒಂದು ಗಂಟೆ ಮೊದಲಿನದು. ಕಂಪೆನಿಯ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಿಮ್ಮ ಟ್ಯಾಕ್ಸಿಗಾಗಿ ಕಾಯುವುದಿಲ್ಲ. ಗೋವಾದಲ್ಲಿ ಇಳಿದಾಗ ಹಿರಿಯರನ್ನು ಕರೆದುಕೊಂಡು ಬಂದರಿನಿಂದ ದೂರ ಹೋಗಬೇಡಿ.

ಹಳೆಯ ಸ್ಟುವರ್ಡ್ (ಮಂಗಳೂರು)

ನಾನು ಹನ್ನೊಂದು ವರ್ಷ ಕ್ರೂಸ್ ಹಡಗುಗಳಲ್ಲಿ ಪ್ರಯಾಣಿಕರ ಕೋಣೆಗಳನ್ನು ನೋಡಿಕೊಳ್ಳುವ ಕ್ಯಾಬಿನ್ ಸ್ಟುವರ್ಡ್ ಆಗಿದ್ದು ಈಗ ಊರಿನಲ್ಲಿ ನೆಲೆಸಿದ್ದೇನೆ. ಹಡಗಿನೊಳಗೆ ಬಂದವರಿಗೆ ತೊಂದರೆಯಾಗುವುದು ಕಡಿಮೆ, ಏಕೆಂದರೆ ಅಲ್ಲಿ ನೋಡಿಕೊಳ್ಳಲು ನಮ್ಮಂಥವರು ಇರುತ್ತಾರೆ. ಯೋಜನೆ ಬೇಕಾದದ್ದು ಹತ್ತುವ ಮೊದಲಿನ ಒಂದು ದಿನಕ್ಕೆ ಮತ್ತು ಇಳಿದ ನಂತರದ ಅರ್ಧ ದಿನಕ್ಕೆ.

ತಿಂಗಳ ವಿಷಯದಲ್ಲಿ ಮೀನುಗಾರರನ್ನು ಕೇಳಿದರೆ ಸಾಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮವಾದರೂ ಆಗ ಕಡಲು ಹೇಗಿರುತ್ತದೆ ಎಂಬುದು ನಿಮಗೇ ಗೊತ್ತಿದೆ. ಮಳೆಗಾಲ ಮುಗಿದ ಕೂಡಲೇ ಅಥವಾ ಅದು ಶುರುವಾಗುವ ಹೊತ್ತಿಗೆ ಹೊರಡುವುದೂ ಬೇಡ. ಓಖಿ ಚಂಡಮಾರುತ ಲಕ್ಷದ್ವೀಪವನ್ನು ಹೊಡೆದದ್ದು 2017ರ ಡಿಸೆಂಬರ್ ಆರಂಭದಲ್ಲಿ, ತೌಕ್ತೆ ನಮ್ಮ ತೀರದ ಪಕ್ಕದಲ್ಲೇ ಹಾದು ಹಾನಿ ಮಾಡಿದ್ದು 2021ರ ಮೇ ತಿಂಗಳಲ್ಲಿ. ಮೊದಲ ಸಲ ಹೋಗುವ ಹಿರಿಯರಿಗೆ ಜನವರಿಯಿಂದ ಮಾರ್ಚ್‌ವರೆಗಿನ ಕಡಲೇ ಸರಿ.

ಲಕ್ಷದ್ವೀಪವನ್ನು ನಾನು ಈ ಸಲಕ್ಕೆ ಬೇಡ ಎನ್ನುತ್ತೇನೆ, ಕಾರಣ ನಿಮ್ಮ ತಾಯಿಯವರ ಮೊಣಕಾಲು. ಹವಳದ ದಿಬ್ಬಗಳಿಂದಾಗಿ ಅಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು. ದೂರದಲ್ಲಿ ನಿಲ್ಲುತ್ತದೆ, ಪ್ರವಾಸಿಗಳು ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಅಲೆ ಎದ್ದಾಗ ದೋಣಿ ಬಾಗಿಲ ಮಟ್ಟಕ್ಕೆ ಬರುತ್ತದೆ, ಅಲೆ ಇಳಿದಾಗ ಎರಡು-ಮೂರು ಅಡಿ ಕೆಳಗೆ ಹೋಗುತ್ತದೆ, ಆ ನಡುವಿನ ಕ್ಷಣದಲ್ಲಿ ಇಬ್ಬರು ನಾವಿಕರು ರಟ್ಟೆ ಹಿಡಿದು ‘ಈಗ’ ಎಂದಾಗ ಕಾಲು ಎತ್ತಿಡಬೇಕು. ಮೊಣಕಾಲು ಮಡಚಲಾಗದವರಿಗೆ ಅದು ಕಷ್ಟ. ಗಾಳಿ ಹೆಚ್ಚಾದರೆ ಇಳಿಯುವುದನ್ನೇ ರದ್ದು ಮಾಡುತ್ತಾರೆ, ಅದಕ್ಕಾಗಿ ಟಿಕೆಟ್ ಹಣ ಹಿಂದಿರುಗುವುದಿಲ್ಲ. ದ್ವೀಪವಾಸಿಗಳಲ್ಲದವರಿಗೆ ಅಲ್ಲಿ ಕಾಲಿಡಲು ಪ್ರವೇಶ ಪರವಾನಗಿಯೂ ಬೇಕು. ಗೋವಾದಲ್ಲಾದರೆ ಹಡಗು ದಕ್ಕೆಗೆ ಕಟ್ಟುತ್ತದೆ, ಏಣಿಯಲ್ಲಿ ನಡೆದುಕೊಂಡೇ ಇಳಿಯಬಹುದು.

ಕೋಣೆ: ತೂಗಾಟ ಕಡಿಮೆ ಇರುವುದು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ. ಮೇಲಿನ ಬಾಲ್ಕನಿ ಕೋಣೆಗೆ ಹೆಚ್ಚು ಹಣ ಕೊಟ್ಟು ಹೆಚ್ಚು ತೂಗಾಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಂತಸ್ತುಗಳ ನಕ್ಷೆ ಕಂಪೆನಿಯ ಜಾಲತಾಣದಲ್ಲೇ ಸಿಗುತ್ತದೆ. ನಿಮ್ಮ ಕೋಣೆಯ ಮೇಲೂ ಕೆಳಗೂ ಬೇರೆ ಕೋಣೆಗಳೇ ಇವೆಯೇ ಅಥವಾ ನೃತ್ಯದ ಹಾಲ್, ಅಡುಗೆಮನೆ ಇವೆಯೇ ಎಂದು ನೋಡಿ. ‘ಗ್ಯಾರಂಟಿ ಕ್ಯಾಬಿನ್’ ಎಂದು ಅಗ್ಗಕ್ಕೆ ಕೊಡುವುದರಲ್ಲಿ ಕೋಣೆ ಆರಿಸುವುದು ಕಂಪೆನಿ. ಹಿರಿಯರಿಗೆ ಅದು ಬೇಡ. ಎರಡು ಕೋಣೆಗಳು ಅಕ್ಕಪಕ್ಕ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ವಾಂತಿ ತಡೆಯುವ ಮಾತ್ರೆಗಳು ನಿದ್ದೆ ತರಿಸುತ್ತವೆ, ಆದ್ದರಿಂದ ತಂದೆಯವರಿಗೆ ಕೊಡುವ ಮೊದಲು ಅವರ ವೈದ್ಯರನ್ನೇ ಕೇಳಿ.

ಪೆಟ್ಟಿಗೆಗಳನ್ನು ಟರ್ಮಿನಲ್‌ನಲ್ಲಿ ಚೀಟಿ ಕಟ್ಟಿಸಿಕೊಂಡು ತೆಗೆದುಕೊಳ್ಳುತ್ತಾರೆ, ಅವು ಕೋಣೆಯ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ಹಾಗಾಗಿ ಎಲ್ಲ ದಿನಗಳ ಮಾತ್ರೆಗಳು, ಎರಡು ದಿನದ್ದು ಹೆಚ್ಚಿಗೆ, ವೈದ್ಯರ ಚೀಟಿ, ಕನ್ನಡಕ ಮತ್ತು ಗುರುತಿನ ಚೀಟಿಗಳ ಮೂಲಪ್ರತಿ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ತರಬೇಡಿ; ಬೆಂಕಿಯ ಭಯದಿಂದ ತಪಾಸಣೆಯಲ್ಲೇ ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕು. ಒಬ್ಬ ಹಿರಿಯರು ಮರುದಿನ ಹಾಕಿಕೊಳ್ಳುವ ಪ್ಯಾಂಟನ್ನೂ ಅದರಲ್ಲೇ ತುಂಬಿಸಿ ಹೊರಗಿಟ್ಟು, ಬೆಳಗ್ಗೆ ಪಂಚೆಯುಟ್ಟು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನೂರಾರು ಪೆಟ್ಟಿಗೆಗಳ ನಡುವೆ ಅವರದ್ದು ಸಿಗಲಿಲ್ಲ, ಪಂಚೆಯಲ್ಲೇ ಇಳಿದರು. ನೋಡಿದವರೆಲ್ಲ ಅದನ್ನು ನಮ್ಮ ಸಾಂಪ್ರದಾಯಿಕ ಉಡುಗೆಯೆಂದು ಮೆಚ್ಚಿಕೊಂಡರು.

ಹತ್ತಿದ ದಿನವೇ ಮಸ್ಟರ್ ಡ್ರಿಲ್ ಎಂಬ ಸುರಕ್ಷಾ ತಾಲೀಮು ಇರುತ್ತದೆ. ಊಟ ಮಾಡುತ್ತಾ ಅದನ್ನು ತಪ್ಪಿಸಲು ನೋಡುವವರು ಬಹಳ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾನ್ಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ತಾಲೀಮು ಆಗಿರಲಿಲ್ಲ. ಅಲ್ಲಿಂದ ನಿಯಮ ಬಿಗಿಯಾಯಿತು, 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಸುವುದು ಕಡ್ಡಾಯ. ತಾಯಿಯವರನ್ನು ಕರೆದುಕೊಂಡು ಕೋಣೆಯಿಂದ ನಿಮ್ಮ ಮಸ್ಟರ್ ಸ್ಟೇಷನ್‌ವರೆಗೆ (ಅಪಾಯದಲ್ಲಿ ಎಲ್ಲರೂ ಸೇರಬೇಕಾದ ಜಾಗ) ಒಮ್ಮೆ ಮೆಟ್ಟಿಲುಗಳಲ್ಲೇ ನಡೆದು ನೋಡಿ, ಏಕೆಂದರೆ ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ನಡೆಯಲು ಕಷ್ಟವಿರುವವರಿಗೆ ಸಹಾಯ ಬೇಕೆಂದು ಮೊದಲೇ ತಿಳಿಸಿದರೆ ಹಡಗಿನವರು ಹೆಸರು ಬರೆದಿಟ್ಟುಕೊಳ್ಳುತ್ತಾರೆ.

ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿಬಿಡಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಟಿಪ್ಸ್, ಪಾನೀಯ, ವೈಫೈ, ವೈದ್ಯರ ಶುಲ್ಕ ಟಿಕೆಟ್ಟಿನಲ್ಲಿ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ತಿಳಿಯಿರಿ.

ಕುಂದಾಪುರದ ಸೊಸೆ

ಸ್ಟುವರ್ಡ್ ಅವರು ಹೇಳಿದ ಆ ‘ಮೊದಲಿನ ಒಂದು ದಿನ’ದಲ್ಲಿ ನಾವು ಸೋತದ್ದನ್ನು ಹೇಳುತ್ತೇನೆ. ಬೆಳಗ್ಗೆ ಮುಂಬೈ ತಲುಪುವ ರೈಲು, ಸಂಜೆ ಹೊರಡುವ ಹಡಗು, ನಡುವೆ ಬೇಕಾದಷ್ಟು ಹೊತ್ತು ಎಂದುಕೊಂಡು ಹೊರಟೆವು. ಕೊಂಕಣ ದಾರಿಯ ಬಹುಭಾಗ ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡುತ್ತಾ ನಿಂತು ನಿಂತು ಐದು ಗಂಟೆ ತಡವಾಯಿತು. ಅತ್ತೆಯವರ ಚೀಲ ನನ್ನ ಹೆಗಲಿಗೆ, ನನ್ನದು ಗಂಡನ ಹೆಗಲಿಗೆ ಬಂದು, ಚೆಕ್-ಇನ್ ಮುಚ್ಚುವ ಮೊದಲು ಓಡುತ್ತಾ ಒಳಗೆ ಹೋದೆವು. ಹಿಂದಿನ ದಿನವೇ ತಲುಪಿ ಕೋಟೆ (ಫೋರ್ಟ್) ಭಾಗದಲ್ಲಿ ಒಂದು ರಾತ್ರಿ ಉಳಿದುಕೊಳ್ಳಿ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್‌ನ ಟರ್ಮಿನಲ್ ಅಲ್ಲಿಂದ ಹತ್ತಿರ, ಸಿಎಸ್‌ಎಂಟಿ ರೈಲು ನಿಲ್ದಾಣದಿಂದಲೂ ಸುಮಾರು ಎರಡೇ ಕಿಲೊಮೀಟರ್. ಕುರ್ಲಾದಲ್ಲಿ ಇಳಿದರೆ ಪೇಟೆಯ ಸಂಚಾರ ದಾಟಿಕೊಂಡು ಬರಬೇಕು. ಮರಳುವಾಗ ಬೆಳಗ್ಗಿನ ವಿಮಾನ ಹಿಡಿಯುವ ಧೈರ್ಯ ಮಾಡಬೇಡಿ. ಕುರ್ಲಾದಿಂದ ಮಧ್ಯಾಹ್ನದ ನಂತರ ಹೊರಡುವ ಮತ್ಸ್ಯಗಂಧಾ ರೈಲು ಹಿರಿಯರಿಗೆ ಎಷ್ಟೋ ಸಮಾಧಾನ.

ಇನ್ನೊಂದು, ಹೆಸರು. ನಮ್ಮ ಕಡೆ ಹಿರಿಯರ ಹೆಸರಿನ ಮುಂದೆ ಊರಿನ ಅಕ್ಷರ, ತಂದೆಯ ಅಕ್ಷರ ಇರುತ್ತದೆ. ಆಧಾರ್‌ನಲ್ಲಿ ಅದು ಒಂದು ರೀತಿ, ಮತದಾರರ ಚೀಟಿಯಲ್ಲಿ ಇನ್ನೊಂದು ರೀತಿ. ಮಾವನವರ ಟಿಕೆಟ್ಟಿನಲ್ಲಿ ಇನಿಷಿಯಲ್ಲೇ ಹೆಸರಾಗಿ, ಹೆಸರು ಮನೆತನವಾಗಿ ಮುದ್ರಣವಾಗಿತ್ತು. ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಸಿ. ಮಗಳ ಗುರುತಿನ ಚೀಟಿಯೂ ಬೇಕು.

ಊಟಕ್ಕೆ ಹೆದರಬೇಕಾಗಿಲ್ಲ. ‘ಜೈನ ಊಟ’ ಎಂದು ಬುಕ್ ಮಾಡುವಾಗಲೇ ಬರೆಸಿದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತದೆ. ಆದರೆ ಆಲೂಗಡ್ಡೆಯೂ ಇರುವುದಿಲ್ಲ ಎಂದು ಅತ್ತೆಯವರು ಎರಡನೆಯ ದಿನ ಬೇಸರಪಟ್ಟರು. ಮನೆಯಲ್ಲಿ ಬೇಯಿಸಿದ್ದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಏಕಾದಶಿಯ ಬಗ್ಗೆ ನನ್ನ ಸಲಹೆ ಇಷ್ಟೇ: ದರಪಟ್ಟಿ ತೆರೆಯುವ ಮೊದಲು ಪಂಚಾಂಗ ತೆರೆಯಿರಿ. ಹದಿನೈದು ದಿನಕ್ಕೊಮ್ಮೆ ಬರುವುದನ್ನು ಮೂರು ರಾತ್ರಿಯ ಪ್ರವಾಸದಿಂದ ತಪ್ಪಿಸುವುದು ಕಷ್ಟವಲ್ಲ; ಎಲ್ಲದಕ್ಕೂ ಹಣ ಕೊಟ್ಟು ಆದ ಮೇಲೆ ಅವರು ಇಡೀ ದಿನ ನೀರು ಕುಡಿದು ಕುಳಿತರೆ ನಿಮ್ಮ ಗಂಟಲಲ್ಲೂ ಊಟ ಇಳಿಯುವುದಿಲ್ಲ.

ಹಡಗಿಗೆ ಹೊಸಬ (ಉಡುಪಿ)

ಮೂವರಿಗೂ ಕೃತಜ್ಞತೆಗಳು. ಫೆಬ್ರವರಿಯ ಗೋವಾ ಪ್ರವಾಸ, ನಡುಭಾಗದಲ್ಲಿ ಅಕ್ಕಪಕ್ಕದ ಎರಡು ಕೋಣೆಗಳು, ಹಿಂದಿನ ದಿನ ಮುಂಬೈಯಲ್ಲಿ ವಾಸ ಎಂದು ನಿಶ್ಚಯವಾಗಿದೆ. ಪಂಚಾಂಗ ನೋಡಿದಾಗ ನಾನು ಮೊದಲು ಗುರುತು ಮಾಡಿದ್ದ ದಿನಾಂಕದ ಎರಡನೆಯ ದಿನವೇ ಏಕಾದಶಿ ಇದ್ದದ್ದು ತಿಳಿಯಿತು, ಒಂದು ವಾರ ಮುಂದೆ ಹಾಕಿದ್ದೇನೆ. ತಾಯಿ ಕೇಳಿದ್ದು ಇನ್ನೊಂದೇ ಪ್ರಶ್ನೆ: ಕೋಣೆಯಲ್ಲಿ ದೇವರಿಗೆ ಒಂದು ಸಣ್ಣ ದೀಪ ಹಚ್ಚಬಹುದೇ?

ಹಳೆಯ ಸ್ಟುವರ್ಡ್ (ಮಂಗಳೂರು)

ಹಚ್ಚುವಂತಿಲ್ಲ, ದೀಪ, ಊದುಬತ್ತಿ ಎರಡೂ ನಿಷಿದ್ಧ, ಹೊಗೆ ಎದ್ದರೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ಬ್ಯಾಟರಿಯ ಸಣ್ಣ ದೀಪವನ್ನು ಕೈಚೀಲದಲ್ಲಿ ಹಾಕಿಕೊಳ್ಳಿ, ಮತ್ತು ಅದನ್ನು ಮೇಜಿನ ಮೇಲಿಟ್ಟದ್ದು ಏಕೆಂದು ನಿಮ್ಮ ಸ್ಟುವರ್ಡ್‌ಗೆ ಮೊದಲ ದಿನವೇ ಹೇಳಿ, ಇಲ್ಲದಿದ್ದರೆ ಅವನು ಕೋಣೆ ಓರಣ ಮಾಡುವಾಗ ಎತ್ತಿ ಕಪಾಟಿನಲ್ಲಿಡುತ್ತಾನೆ.