‘ಡೆವಲಪ್’ ಅನ್ನೋದಕ್ಕೆ ತೊಳೆ, ಮೂಡಿಸು, ಇನ್ನೇನಿದೆ?

ಗೆಳೆಯರೇ,

ನಮ್ಮೂರಿನ ನಾಲ್ವರು ಮದುವೆ ಫೋಟೋಗ್ರಾಫರ್‌ಗಳಿಗೆ ಡಾರ್ಕ್‌ಟೇಬಲ್ ಹೇಳಿಕೊಡುತ್ತಿದ್ದೇನೆ. 2009ರಲ್ಲಿ ಶುರುವಾದ, ಫೋಟೋ ತಿದ್ದುವ ತಂತ್ರಾಂಶ. ಕಾಸು ಕೊಡಬೇಕಿಲ್ಲ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅವರಿಗಾಗಿ ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯಲು ಕೂತವನು ಮೊದಲ ಪುಟದಲ್ಲೇ ನಿಂತುಬಿಟ್ಟೆ. ಕ್ಯಾಮೆರಾದ ರಾ ಫೈಲನ್ನು, ಅಂದರೆ ಸೆನ್ಸರ್ ಹಿಡಿದ ಬೆಳಕಿನ ಲೆಕ್ಕವನ್ನು ಇದ್ದ ಹಾಗೇ ಇಟ್ಟ ಫೈಲನ್ನು, ಚಿತ್ರವಾಗಿ ತರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಡೆವಲಪ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

‘ಅಭಿವೃದ್ಧಿಪಡಿಸು’ ಇಲ್ಲಿ ಸುತರಾಂ ಸಲ್ಲದು. ‘ಸಂಸ್ಕರಿಸು’ ತಪ್ಪಲ್ಲ, ಆದರೆ ಸ್ಟುಡಿಯೋದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಫಿಲ್ಮ್ ರೋಲ್ ಇದ್ದ ಕಾಲದಲ್ಲಿ ನಾವು ‘ತೊಳೆಸು’ ಅನ್ನುತ್ತಿದ್ದೆವು. “ರೋಲ್ ತೊಳೆಸಿದ್ರಾ?” ಅಂತ ಮನೆಯಲ್ಲಿ ಕೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನಿಜ ನೋಡಿದರೆ ತೊಳೆಯುವುದು ಕೊನೆಯ ಹಂತ. ಮೊದಲು ಚಿತ್ರ ಕಾಣಿಸುವ ದ್ರಾವಣ ಡೆವಲಪರ್, ಆಮೇಲೆ ಅದು ಕೆಡದಂತೆ ನಿಲ್ಲಿಸುವ ಹೈಪೋ, ಕೊನೆಗೆ ನೀರು. ಆ ನೀರಿನ ಹೆಸರೇ ಇಡೀ ಕೆಲಸಕ್ಕೆ ನಿಂತಿತು. ಬೇರೆಯವರ ಕೈಲಿ ಮಾಡಿಸುತ್ತಿದ್ದೆವು, ಅದಕ್ಕೇ ‘ತೊಳೆಸು’. ಈಗ ನಾವೇ ಮಾಡುವುದರಿಂದ ‘ತೊಳೆ’ ಅನ್ನಬಹುದು, ಅಲ್ವಾ? ಕೇಳಲು ಹಿತವಾಗಿದೆ.

ಆದರೆ ಎರಡು ತೊಡಕು ಕಾಣುತ್ತಿವೆ. ಫಿಲ್ಮ್ ಒಮ್ಮೆ ತೊಳೆದರೆ ಮುಗಿಯಿತು. ಡಾರ್ಕ್‌ಟೇಬಲ್ ರಾ ಫೈಲನ್ನು ಮುಟ್ಟುವುದೇ ಇಲ್ಲ. ನಾವು ಮಾಡಿದ ಬದಲಾವಣೆಗಳನ್ನು ಪಕ್ಕದಲ್ಲಿ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಯಾವಾಗ ಬೇಕಾದರೂ ಹಿಂದಿನ ಹಂತಕ್ಕೆ ಮರಳಬಹುದು. ಇನ್ನೊಂದು, ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳನ್ನು ತೆಗೆಯುವ ಕೆಲಸ ಬೇರೆಯೇ ಇದೆ. ‘ತೊಳೆ’ ಅಂದರೆ ಹೊಸಬರು ಅದನ್ನೇ ಅಂದುಕೊಳ್ಳುತ್ತಾರೆ.

ಹೋದ ವಾರ ಒಂದು ಧಾರೆಯ ಫೋಟೋ ತೆರೆದಿದ್ದೆವು. ಮದುಮಗನ ಪಂಚೆಯ ಮೇಲೆ ಬಿಸಿಲು ಬಿದ್ದು, ಕ್ಯಾಮೆರಾ ತಾನೇ ಮಾಡಿಕೊಟ್ಟ ಜೆಪೆಗ್‌ನಲ್ಲಿ ಅದು ಬರೀ ಬಿಳಿ ಬಟ್ಟೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ರಾ ಫೈಲಿನಲ್ಲಿ ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಸ್ವಲ್ಪ ಇಳಿಸಿದೆ. ನೆರಿಗೆ ಬಂತು, ಆಮೇಲೆ ಜರಿ ಅಂಚು. ಪಕ್ಕದಲ್ಲಿ ಕೂತಿದ್ದ ಹುಡುಗ, “ಸಾರ್, ಅಂಚು ಮೂಡ್ತು ನೋಡಿ!” ಅಂದ.

ಆ ಮಾತು ನನ್ನನ್ನು ಹಿಡಿದುಕೊಂಡಿದೆ. ಕೆಂಪು ದೀಪದ ಕೋಣೆಯಲ್ಲಿ, ಟ್ರೇಯಲ್ಲಿ ಮುಳುಗಿದ ಕಾಗದದ ಮೇಲೆ ಮುಖ ನಿಧಾನವಾಗಿ ಕಾಣುತ್ತಿತ್ತಲ್ಲ, ಅದೂ ಮೂಡುವುದೇ. ಆ ಹುಡುಗ ರೋಲ್ ನೋಡಿದವನೇ ಅಲ್ಲ. ಆದರೂ ಅದೇ ಪದ ಬಂತು. ಹಾಗಾಗಿ ಸದ್ಯಕ್ಕೆ ‘ಮೂಡಿಸು’ ಅಂತ ಬರೆದುಕೊಂಡಿದ್ದೇನೆ: “ಫೋಟೋ ಮೂಡಿಸಿ, ಆಮೇಲೆ ಜೆಪೆಗ್ ಮಾಡಿ ಕೊಡಿ.”

‘ರಾ’ ಬಗ್ಗೆಯೂ ಒಂದು ಮಾತು. ‘ಕಚ್ಚಾ’ ಅಂದರೆ ಕಚ್ಚಾ ತೈಲ, ಕಚ್ಚಾ ರಸ್ತೆ, ಯಾಕೋ ಕಡಿಮೆ ದರ್ಜೆಯದು ಅನಿಸುತ್ತದೆ. ‘ಹಸಿ’ ನನಗೆ ಜಾಸ್ತಿ ಇಷ್ಟ. ಹಸಿ ಹಾಲಿನ ಹಾಗೆ: ಇನ್ನೂ ಕಾಯಿಸಿಲ್ಲ, ಆದರೆ ಏನೂ ಕಳೆದುಹೋಗಿಲ್ಲ.

ಈಗ ನನ್ನ ಪ್ರಶ್ನೆ. ರೋಲ್ ಕಾಲದಲ್ಲಿ ನಿಮ್ಮ ಕಡೆ ಏನನ್ನುತ್ತಿದ್ದರು? ಕರಾವಳಿಯಲ್ಲಿ, ಧಾರವಾಡ, ಕಲಬುರಗಿ ಕಡೆಯ ಸ್ಟುಡಿಯೋಗಳಲ್ಲಿ ‘ತೊಳೆಸು’ ಬಿಟ್ಟು ಬೇರೆ ಮಾತು ಇತ್ತಾ? ‘ಮೂಡಿಸು’ ಅಂತ ಕೆಲಸ ಮಾಡುವವರೇ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?