ಸಿಂಗಳೀಕದ ಚಿತ್ರ ಬೀರುವಿನಲ್ಲೇ ಉಳಿಯಬಾರದು, ಏನು ಮಾಡೋಣ?

ಸಿದ್ದಾಪುರ ಕಡೆಯ ಟೀಚರ್ ಕೇಳಿದ್ದು:
ವನ್ಯಜೀವಿ ಸಪ್ತಾಹಕ್ಕೆ, ಅಂದರೆ ಅಕ್ಟೋಬರ್ 2ರಿಂದ 8ರವರೆಗೆ, ಮಕ್ಕಳಿಂದ ಸಿಂಗಳೀಕದ (ಸಿಂಹಬಾಲದ ಕೋತಿಯ) ಚಿತ್ರ ಬರೆಸಬೇಕು ಅಂತಿದ್ದೇನೆ. ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲೇ ಸಿಂಗಳೀಕಕ್ಕೆ ಅಂತ ಸಂರಕ್ಷಿತ ಮೀಸಲು ಮಾಡಿದ್ದಾರೆ. ನಮ್ಮಲ್ಲಿ ಮಾತ್ರ ಪ್ರತಿ ವರ್ಷ ಬಹುಮಾನ, ಫೋಟೋ, ಆಮೇಲೆ ಶೀಟುಗಳೆಲ್ಲ ಬೀರುವಿಗೆ. ಊರವರಿಗೂ ಮುಟ್ಟುವ ಹಾಗೆ ಮಾಡಿದವರು ಇದ್ದೀರಾ?

ಶಿರಸಿ ಕಡೆಯ ಮೇಷ್ಟ್ರು:
ಮೇಡಂ, ಅಕ್ಟೋಬರ್‌ವರೆಗೆ ಕಾಯಬೇಡಿ. ಉಪ್ಪಾಗೆ, ಅದೇ ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ ಕಾಡುಹಣ್ಣು, ಕೊಯ್ಯುವುದು ಮಳೆಗಾಲದಲ್ಲಿ. ಹಣ್ಣು ಸಿಂಗಳೀಕಕ್ಕೂ ಬೇಕು, ಸಿಪ್ಪೆ ನಮಗೂ ಬೇಕು. ಅವಸರದಲ್ಲಿ ಕಾಯಿ ಇದ್ದಾಗಲೇ ಕೊಂಬೆ ಸಮೇತ ಕಡಿಯುವವರಿದ್ದಾರೆ. ಸಪ್ತಾಹ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ನಾವು ಜೂನ್‌ನಲ್ಲೇ ಬರೆಸಿದೆವು.

ಮೊದಲ ದಿನ ಹೆಚ್ಚಿನ ಮಕ್ಕಳು ಬರೆದದ್ದು ಬಿಳಿ ಮೈ, ಕಪ್ಪು ಮುಖ, ಮಾರುದ್ದ ಬಾಲ. ಅದು ಮುಸಿಯ! ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಪ್ರಾಣಿ, ನಮ್ಮ ಮಕ್ಕಳಿಗೇ ಗುರುತಿಲ್ಲ. ಬೈಯಲಿಲ್ಲ. ಮುಸಿಯವನ್ನೂ ಸಿಂಗಳೀಕವನ್ನೂ ಪಕ್ಕಪಕ್ಕ ಬರೆಸಿದೆ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಕಪ್ಪು ಕ್ರೆಯಾನ್ ಒಂದೇ ದಿನಕ್ಕೆ ಖಾಲಿ. ಒಬ್ಬ ಹುಡುಗ ಮನೆಯ ಒಲೆಯಿಂದ ಇದ್ದಿಲು ತಂದ. ನಿಜ ಹೇಳಬೇಕೆಂದರೆ ಅವನದ್ದೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಚಿತ್ರಗಳನ್ನು ಅಂಟಿಸಿದ್ದು ಶಾಲೆಯಲ್ಲಲ್ಲ, ಹಾಲು ಡೈರಿಯಲ್ಲಿ. ಉಪ್ಪಾಗೆ ಕೊಯ್ಯುವವರು ಬೆಳಿಗ್ಗೆ ಬರುವುದು ಅಲ್ಲಿಗೇ ಅಲ್ವಾ. ಒಂದು ಚಿತ್ರದ ಕೆಳಗೆ 'ಅಪ್ಪಾ, ಕೊಂಬೆ ಕಡಿಬೇಡ, ತುದಿ ಹಣ್ಣು ಬಿಡು' ಅಂತಿತ್ತು. ಆ ಅಪ್ಪ ಕ್ಯಾನ್ ಹಿಡಿದುಕೊಂಡೇ ಎರಡು ಸಲ ಓದಿದರು, ಏನೂ ಹೇಳಲಿಲ್ಲ. ಊರೆಲ್ಲ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ವರ್ಷ ಕೊಂಬೆ ಕಡಿಯುವ ವಿಷಯ ಡೈರಿ ಕಟ್ಟೆಯಲ್ಲಿ ಜೋರಾಗಿಯೇ ಚರ್ಚೆಯಾಯಿತು.

ಆಗುಂಬೆ ಕಡೆಯಿಂದ:
ನನ್ನದೊಂದು ಎಡವಟ್ಟು ಹೇಳ್ತೀನಿ. ನಮ್ಮ ಸ್ಪರ್ಧೆಯಲ್ಲಿ ಒಬ್ಬಳು ಸಿಂಗಳೀಕಕ್ಕೆ ಬಾಳೆಹಣ್ಣು ತಿನ್ನಿಸುವ ಚಿತ್ರ ಬರೆದಳು. ಮುದ್ದಾಗಿತ್ತು, ಮೊದಲ ಬಹುಮಾನ ಕೊಟ್ಟೆ. ಘಾಟಿಯಲ್ಲಿ ಪ್ರವಾಸಿಗರು ಮಾಡುವುದೂ ಅದನ್ನೇ! ಮರದ ಮೇಲೇ ಬದುಕುವ ಪ್ರಾಣಿ ತಿಂಡಿ ಆಸೆಗೆ ರಸ್ತೆಗೆ ಇಳಿಯುತ್ತದೆ, ಗಾಡಿಗೆ ಸಿಗುತ್ತದೆ. ಮುಂದಿನ ವರ್ಷ ಅದೇ ಹುಡುಗಿ ಕಾರಿನ ಕಿಟಕಿ ಮುಚ್ಚಿರುವ ಚಿತ್ರ ಬರೆದಳು. ಹಾಗಾಗಿ ಏನು ಬರೆಯಬೇಕು ಅನ್ನುವುದಕ್ಕಿಂತ ಮೊದಲು ಮಕ್ಕಳ ಜೊತೆ ಒಂದು ಗಂಟೆ ಮಾತಾಡಿ.

ಹೊನ್ನಾವರದಿಂದ ಒಬ್ಬ ಅಮ್ಮ:
ಬಹುಮಾನವೇ ಬೇಡ, ಟೀಚರ್. ಎಲ್ಲರ ಚಿತ್ರವನ್ನೂ ಹಾಕಿ. ಮೂರೇ ಚಿತ್ರ ಹಾಕಿದರೆ ನೋಡಲು ಬರುವುದು ಮೂರೇ ಮನೆಯವರು. ಮತ್ತೆ ಜೂನ್ ಅಂದ್ರೆ ಗೋಡೆಯೂ ಒದ್ದೆ, ಪ್ಲಾಸ್ಟಿಕ್ ಕವರ್ ಹಾಕೋದು ಮರೀಬೇಡಿ.