ಮಳೆಯಲ್ಲಿ ನಿಂತ ಲಾರಿ ಸ್ಟಾರ್ಟ್ ಆಗ್ತಿಲ್ಲ, ಎಲ್ಲಿಂದ ನೋಡಲಿ?

ಲಾರಿ ಮಾಲೀಕರು, ಹಾಸನ:
ನಮ್ಮದು ಆರು ಚಕ್ರದ ಲಾರಿ. ಬಿಎಸ್ 4 (ಹೊಗೆ ನಿಯಮದ ಮಟ್ಟ), ಕಾಮನ್ ರೈಲ್ ಎಂಜಿನ್, ಅಂದರೆ ಡೀಸೆಲ್ ಬಿಡುವುದು ಕಂಪ್ಯೂಟರ್ ಲೆಕ್ಕದಲ್ಲಿ. ಆಲೂಗಡ್ಡೆ ತುಂಬಿಕೊಂಡು ಮಂಗಳೂರಿಗೆ ಹೊರಟಿತ್ತು. ಶಿರಾಡಿ ಘಾಟಿಯಲ್ಲಿ ಗಾಡಿ ಬಿಡುತ್ತಿಲ್ಲ ಎಂದು ಡ್ರೈವರ್ ರಾತ್ರಿ ಸಕಲೇಶಪುರದ ಹತ್ತಿರ ತಗ್ಗಿನ ಜಾಗದಲ್ಲಿ ನಿಲ್ಲಿಸಿದ. ರಾತ್ರಿಯಿಡೀ ಸುರಿದಿದೆ. ಬೆಳಿಗ್ಗೆ ನೋಡಿದರೆ ಚಕ್ರದ ಅರ್ಧದವರೆಗೆ ನೀರು ಬಂದು ಇಳಿದ ಗುರುತು. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುತ್ತಿಲ್ಲ. ಎಂಟು ಹತ್ತು ಸಲ ಹೊಡೆದು ನೋಡಿದ್ದಾನಂತೆ. ಮೇಲೆ ಟಾರ್ಪಲ್ ಇದೆ, ಆದರೂ ಆಲೂಗಡ್ಡೆ ಎಷ್ಟು ದಿನ ತಡೆಯುತ್ತೆ? ಅನುಭವ ಇರುವವರು ಹೇಳಿ.

ಗ್ಯಾರೇಜಿನವರು, ಪುತ್ತೂರು:
ಮೊದಲು ಡ್ರೈವರ್‌ಗೆ ಫೋನ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಲು ಹೇಳಿ. ಮಿಕ್ಕಿದ್ದು ಆಮೇಲೆ.

ನಮ್ಮ ಕಡೆ ಮಳೆಗಾಲದಲ್ಲಿ ಎಂಜಿನ್ ಹಾಳಾಗುವುದು ನೀರಿನಿಂದ ಅಲ್ಲ, ನೀರು ಹೊಕ್ಕ ಮೇಲೆ ಸೆಲ್ಫ್ ಹೊಡೆಯುವುದರಿಂದ. ಗಾಳಿಯನ್ನು ಪಿಸ್ಟನ್ ಅದುಮಬಹುದು, ನೀರನ್ನು ಅದುಮಲು ಆಗದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ನಿಮ್ಮದು ಸಲೀಸಾಗಿ ತಿರುಗುತ್ತಿದೆ ಅಂದರೆ ಅಷ್ಟು ನೀರು ಒಳಗಿಲ್ಲ. ಇದ್ದಿದ್ದರೆ ದಡ್ ಎಂದು ತಡೆದು ನಿಲ್ಲುತ್ತಿತ್ತು. ಅಲ್ಲದೆ ಇಂಥ ಲಾರಿಗೆ ಗಾಳಿ ಎಳೆಯುವ ಕೊಳವೆ ಸಾಮಾನ್ಯವಾಗಿ ಕ್ಯಾಬಿನ್ ಹಿಂದೆ ಎತ್ತರದಲ್ಲಿ ಇರುತ್ತದೆ. ಆದರೂ ಎರಡು ಕಡೆ ನೋಡಿ. ಏರ್ ಫಿಲ್ಟರ್ ಬಿಚ್ಚಿ, ಪೇಪರ್ ಒದ್ದೆಯೋ ಒಣಗಿದೆಯೋ ಮುಟ್ಟಿ ನೋಡಿ. ಆಮೇಲೆ ಡಿಪ್ ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. ಆಯಿಲ್ ಹಾಲು ಹಾಕಿದ ಚಹಾದಂತೆ ಆಗಿಲ್ಲ ಎಂದು ಖುಷಿಪಡಬೇಡಿ. ಎಂಜಿನ್ ಓಡದಿದ್ದರೆ ನೀರು ಆಯಿಲ್ ಜೊತೆ ಬೆರೆಯುವುದಿಲ್ಲ, ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದಲ್ಲಿ ಸುಮ್ನೆ ಕೂತಿರುತ್ತದೆ. ಮಟ್ಟ ನಿನ್ನೆಗಿಂತ ಜಾಸ್ತಿ ಆಗಿದೆಯಾ ನೋಡಿ. ಅನುಮಾನ ಬಂದರೆ ಕೆಳಗಿನ ಡ್ರೈನ್ ನಟ್ ಸ್ವಲ್ಪ ಸಡಿಲಿಸಿ. ನೀರಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ.

ಇವೆರಡೂ ಸರಿ ಇದ್ದರೆ ಮಾತ್ರ ಒಂದೇ ಒಂದು ಸಲ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ, ಡ್ರೈವರ್ ಮೀಟರ್ ನೋಡಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ನಾಜಲ್‌ನಿಂದ ಡೀಸೆಲ್ಲೇ ಬೀಳುತ್ತಿಲ್ಲ. ಆಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲ್ಲಾಡಿತಾ ಎಂದು ಕೇಳಿ. ಎಷ್ಟೋ ಗಾಡಿಗಳಲ್ಲಿ ಸೆಲ್ಫ್ ತಿರುಗುವಾಗಲೇ ಮುಳ್ಳು ತುಸು ಏಳುತ್ತದೆ. ಏಳದಿದ್ದರೆ ನನ್ನ ಅನುಮಾನ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಇಸಿಎಂಗೆ (ಎಂಜಿನ್ ಕಂಪ್ಯೂಟರ್) ಗೊತ್ತಾಗದಿದ್ದರೆ ಅದು ಡೀಸೆಲ್ ಬಿಡುವುದೇ ಇಲ್ಲ. ಆ ಸೆನ್ಸರ್ ಸಾಮಾನ್ಯವಾಗಿ ಫ್ಲೈವೀಲ್ ಹತ್ತಿರ, ಕೆಳಗೇ ಇರುತ್ತದೆ. ನಿಮ್ಮ ನೀರಿನ ಗುರುತೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅಲ್ವಾ?

ಡ್ರೈವರ್, ಹುಬ್ಬಳ್ಳಿ:
ಇಷ್ಟೆಲ್ಲ ಯಾಕ್ರೀ? ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿ, ಗೇರ್ ಹಾಕಿ ಕ್ಲಚ್ ಬಿಡಿ. ನಾನು ಹಿಂದೆ ಓಡಿಸುತ್ತಿದ್ದ ಗಾಡಿ ಹಾಗೇ ಎಷ್ಟೋ ಸಲ ಸ್ಟಾರ್ಟ್ ಆಗಿದೆ. ಇಲ್ಲದಿದ್ದರೆ ಲೈನಿನಲ್ಲಿ ಏರ್ ಹಿಡಿದಿರುತ್ತದೆ, ಡೀಸೆಲ್ ಲೈನಿನ ಕೈ ಪಂಪ್, ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆಯಿರಿ.

ಗ್ಯಾರೇಜಿನವರು, ಪುತ್ತೂರು:
ಅಣ್ಣ, ನೀವು ಹೇಳುವುದು ಹಳೇ ಪಂಪಿನ ಗಾಡಿಗೆ ಸರಿ. ಅದರಲ್ಲಿ ಡೀಸೆಲ್ ಪಂಪ್ ಗೇರಿನಿಂದ ತಿರುಗಿದರೆ ಸಾಕಿತ್ತು. ಇದಕ್ಕೆ ಸೆನ್ಸರ್ ಸುದ್ದಿ ಮುಟ್ಟಬೇಕು. ಇಲ್ಲದಿದ್ದರೆ ಮಂಗಳೂರಿನವರೆಗೆ ಎಳೆದರೂ ಸ್ಟಾರ್ಟ್ ಆಗದು. ಒಳಗೆ ನೀರಿದ್ದರಂತೂ ಸೆಲ್ಫ್ ಮುರಿಯದ ರಾಡನ್ನು ನಿಮ್ಮ ಹಗ್ಗ ಮುರಿಯುತ್ತದೆ. ಏರ್ ತೆಗೆಯುವ ಮಾತು ಮಾತ್ರ ಒಪ್ಪುತ್ತೇನೆ.

ಎರಡು ಗೂಡ್ಸ್ ಗಾಡಿ ಇಟ್ಟುಕೊಂಡವರು, ತೀರ್ಥಹಳ್ಳಿ:
ನಮ್ಮ ಮನೆಯವರು ಗಾಡಿ ಓಡಿಸುತ್ತಾರೆ, ರಿಪೇರಿ ಲೆಕ್ಕ ನನ್ನದು. ಹಾಗಾಗಿ ಮೆಕ್ಯಾನಿಕ್ ಪಕ್ಕ ನಿಂತು ನೋಡಿ ಕಲಿತಿದ್ದೇನೆ. ಹೋದ ಮಳೆಗಾಲದಲ್ಲಿ ನಮ್ಮದೂ ಹೀಗೇ ಆಗಿತ್ತು. ಆದರೆ ಬಿಳಿ ಹೊಗೆ ಬರುತ್ತಿತ್ತು. ಕೊನೆಗೆ ನೋಡಿದರೆ ಡೀಸೆಲ್ ಟ್ಯಾಂಕ್ ಮುಚ್ಚಳದ ರಬ್ಬರ್ ಸೀಳಿತ್ತು, ಮಳೆ ನೀರು ಅಲ್ಲಿಂದಲೇ ಇಳಿದಿತ್ತು. ಡೀಸೆಲ್‌ನಿಂದ ನೀರು ಬೇರೆ ಮಾಡುವ ಸೆಪರೇಟರ್ ಅಡಿಯ ತಿರುಪು ಬಿಚ್ಚಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ, ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ನೀರು ಡೀಸೆಲ್‌ಗಿಂತ ಭಾರ, ಕೆಳಗೆ ಬೇರೆ ಪದರ ಕಾಣುತ್ತದೆ. ನಮ್ಮ ಬಾಟಲಿಯಲ್ಲಿ ಅರ್ಧ ನೀರೇ ಇತ್ತು! ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ ಫಿಲ್ಟರ್ ಬದಲಾಯಿಸಿದೆವು. ಸೆಪರೇಟರ್ ಮಾತ್ರ ಖಾಲಿ ಮಾಡಿದರೆ ಒಂದು ಫರ್ಲಾಂಗ್ ಹೋಗಿ ಮತ್ತೆ ನಿಲ್ಲುತ್ತದೆ. ನಾವು ಮೊದಲು ಅದೇ ತಪ್ಪು ಮಾಡಿದ್ದು.

ಆಟೋ ಎಲೆಕ್ಟ್ರಿಷಿಯನ್, ಬೆಂಗಳೂರು:
ಸೆನ್ಸರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಕಪ್ಲರ್ ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಪಂಕ್ಚರ್ ಅಂಗಡಿಯಿಂದ ಗಾಳಿ ಹಿಡಿಸಿ, ತೀರಾ ಹತ್ತಿರದಿಂದ ಬೇಡ. ಪೇಪರ್ ಹೊತ್ತಿಸಿ ಕಾಯಿಸುವವರನ್ನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಆ ಕೆಲಸ ಮಾಡಬೇಡಿ.

ಇನ್ನೊಂದು ವಿಷಯ. ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಬ್ಯಾಟರಿ ಇಳಿದಿರುತ್ತದೆ. ಎರಡೂ ಬ್ಯಾಟರಿ ಸೇರಿ ಸುಮ್ಮನಿದ್ದಾಗ 25 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ತಿರುಗುವಾಗ 19ಕ್ಕಿಂತ ಕೆಳಗೆ ಬಿದ್ದರೆ, ಸೆಲ್ಫ್ ತಿರುಗಿದರೂ ಇಸಿಎಂ ಕೈಕೊಡಬಹುದು. ಚಾಸಿಗೆ ಬಿಗಿದ ಅರ್ಥಿಂಗ್ ಪಟ್ಟಿಯನ್ನೂ ಉಜ್ಜಿ ಬಿಗಿಮಾಡಿ. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಬರುತ್ತಾ? ಅದೇ ಬರದಿದ್ದರೆ ಸೆನ್ಸರ್ ಬಿಟ್ಟು ಫ್ಯೂಸ್, ರಿಲೇ ಕಡೆ ಹೋಗಿ.

ಲಾರಿ ಮಾಲೀಕರು, ಹಾಸನ:
ಎಲ್ಲರಿಗೂ ವಂದನೆ. ಫಿಲ್ಟರ್ ಒಣಗಿತ್ತು, ಆಯಿಲ್ ಮಟ್ಟ ಸರಿ ಇತ್ತು. ಬಾಟಲಿಯಲ್ಲಿ ನೀರಿಲ್ಲ. ಎಂಜಿನ್ ಲೈಟ್ ಬಂತು. ಹೊಗೆ ಇಲ್ಲ, ಮುಳ್ಳು ಸತ್ತು ಮಲಗಿತ್ತು. ಕ್ರ್ಯಾಂಕ್ ಸೆನ್ಸರ್ ಕಪ್ಲರ್ ಬಿಚ್ಚಿದರೆ ಒಳಗಿಂದ ನೀರು ಸುರಿಯಿತಂತೆ. ಬೇಸಿಗೆಯಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದಾಗ ಆ ಕಪ್ಲರಿನ ಲಾಕ್ ಮುರಿದು, ರಬ್ಬರ್ ಸೀಲ್ ಬಿಟ್ಟು, ಟೇಪ್ ಸುತ್ತಿ ಕಳಿಸಿದ್ದಾರೆ. ಕೆಲಸ ಮಾಡಿದವರು ಒಂದು ಮಾತೂ ಹೇಳಿರಲಿಲ್ಲ. ಗಾಳಿ ಹಿಡಿಸಿ, ಬೇರೆ ಗಾಡಿಯಿಂದ ಬ್ಯಾಟರಿಗೆ ಕೇಬಲ್ ಕೊಟ್ಟೆವು. ಎರಡನೇ ಸಲಕ್ಕೆ ಹಿಡಿಯಿತು.

ಗ್ಯಾರೇಜಿನವರು, ಪುತ್ತೂರು:
ಒಳ್ಳೇದಾಯ್ತು. ಆದರೆ ಈಗಲೇ ಘಾಟಿ ಇಳಿಸಬೇಡಿ. ಅರ್ಧ ಚಕ್ರ ನೀರು ಅಂದರೆ ಬ್ರೇಕ್ ಡ್ರಮ್ ಒಳಗೂ ನೀರು ಹೋಗಿದೆ. ಸಮ ರಸ್ತೆಯಲ್ಲಿ ನಿಧಾನಕ್ಕೆ ಓಡಿಸುತ್ತ, ಬ್ರೇಕ್ ಮೆಲ್ಲಗೆ ಒತ್ತಿ ಒತ್ತಿ ಲೈನರ್ ಒಣಗಿಸಿ. ಹಿಡಿತ ಬಂದಿದೆ ಎಂದು ಖಾತ್ರಿ ಆದ ಮೇಲೆ ಹೊರಡಿ. ವಾಪಸ್ ಬಂದ ಮೇಲೆ ಹಬ್ ಗ್ರೀಸ್, ಹಿಂದಿನ ಆಕ್ಸಲ್ ಹೌಸಿಂಗ್ ಆಯಿಲ್ ಎರಡನ್ನೂ ನೋಡಿಸಿ. ಹೌಸಿಂಗಿನ ಬ್ರೀದರ್ (ಗಾಳಿ ಆಡುವ ರಂಧ್ರ) ಮುಳುಗಿದ್ದರೆ ಅಲ್ಲೂ ನೀರು ಎಳೆದಿರುತ್ತದೆ.

ಲಾರಿ ಮಾಲೀಕರು, ಹಾಸನ:
ಹಾಗೇ ಮಾಡಿಸಿದೆ ಸರ್. ಸಂಜೆ ಲೋಡ್ ಇಳಿಯಿತು, ಎರಡು ಮೂಟೆ ಮಾತ್ರ ಕೊಳೆತಿದ್ದವು. ಹೊಸ ಕಪ್ಲರಿಗೆ ಹೇಳಿದ್ದೇನೆ. ಹಬ್ ಬಿಚ್ಚಿದ ಮೇಲೆ ಬಂದು ತಿಳಿಸುತ್ತೇನೆ.